ಅಕ್ಕಯಮ್ಮ ಮೈದಾನ ನೋಡಲು ಹೋದದ್ದು

ಅಗಸೆ ಎಣ್ಣೆಯ ವಾಸನೆ ಬಂತೆಂದರೆ ಅಕ್ಕಯಮ್ಮನಿಗೆ ಇವತ್ತಿಗೂ ಒಂಬತ್ತೇ ವರ್ಷ. ಅವಳ ಅಪ್ಪ ರಾಮಣ್ಣ ಹಲಸೂರು ಕೆರೆಯ ಆಚೆಗಿದ್ದ ಮಿಲಿಟರಿ ಹಾಕಿ ಮೈದಾನದಲ್ಲಿ ಕೆಲಸಕ್ಕಿದ್ದ. ಸುಣ್ಣದ ಗೆರೆ ಎಳೆಯುವುದು, ಹುಲ್ಲಿಗೆ ನೀರು ಬಿಡುವುದು, ಮಳೆಗಾಲ ಕಳೆದ ಮೇಲೆ ಆಟಗಾರರ ಕೋಲುಗಳಿಗೆಲ್ಲ ಎಣ್ಣೆ ಉಣಿಸಿ ಗೋಡೆಗೆ ಸಾಲಾಗಿ ಒರಗಿಸುವುದು ಅವನ ಕೆಲಸ. ಸಂಜೆ ಅವನು ಮನೆಗೆ ಬಂದರೆ ಅವನಿಗಿಂತ ಒಂದು ಹೆಜ್ಜೆ ಮುಂಚೆ ಆ ವಾಸನೆ ಹೊಸ್ತಿಲು ದಾಟುತ್ತಿತ್ತು. ಸ್ವಲ್ಪ ಹುರಿದ ಕಾಳಿನ ಹಾಗೆ, ಸ್ವಲ್ಪ ಹೊಸ ಬಣ್ಣ ಬಳಿದ ಬಾಗಿಲಿನ ಹಾಗೆ.

ರಜೆಯ ದಿನ ಅಪ್ಪನ ಜೊತೆ ಅವಳೂ ಹೋಗುತ್ತಿದ್ದಳು. ಅವಳಿಗೂ ಒಂದು ಕೆಲಸವಿತ್ತು. ಆಟ ಅರ್ಧಕ್ಕೆ ನಿಂತಾಗ ನಿಂಬೆಹಣ್ಣು ಹೆಚ್ಚಿ, ಉಪ್ಪು ಸವರಿ, ತಟ್ಟೆಯಲ್ಲಿಟ್ಟು ಆಟಗಾರರ ಮುಂದೆ ಹಿಡಿಯಬೇಕು. ಮಿಕ್ಕ ಹೊತ್ತು ಗೆರೆಯಾಚೆ ಕೂತಿರಬೇಕು. ಚೆಂಡು ಹೊರಗೆ ಬಂದರೆ ಕೈಯಲ್ಲೆತ್ತಿ ಒಳಗೆ ಎಸೆಯಬೇಕು, ಕೋಲು ಮುಟ್ಟುವಂತಿಲ್ಲ. ಹೀಗೆ ಐದು ವರ್ಷ ಕೂತಳು. ಒಂದೇ ಒಂದು ಸಲ, ಎಲ್ಲರೂ ಹೋದ ಮೇಲೆ, ದಪ್ಪ ಮೀಸೆಯ ಸುಬೇದಾರರೊಬ್ಬರು ತಮ್ಮ ಕೋಲನ್ನು ಅವಳ ಕೈಗೆ ಕೊಟ್ಟು, ಚೆಂಡನ್ನು ಅವಳ ಕಾಲ ಬಳಿ ಇಟ್ಟು, ಬೇಕೆಂದೇ ಬೇರೆ ಕಡೆ ತಿರುಗಿ ನಿಂತಿದ್ದರು. ಅವಳು ಹೊಡೆದಳು. ಆ ‘ಟಕ್’ ಎಂಬ ಸದ್ದು ಅಂಗೈಯಿಂದ ಮೊಣಕೈವರೆಗೆ ಹತ್ತಿದ್ದು ಅರವತ್ತು ವರ್ಷವಾದರೂ ಇಳಿದಿಲ್ಲ. ಹದಿನಾಲ್ಕಕ್ಕೆ ದೊಡ್ಡವಳಾದಳು, ಮೈದಾನಕ್ಕೆ ಹೋಗುವುದು ಅಲ್ಲಿಗೆ ಮುಗಿಯಿತು.

ಈಗ ಅಕ್ಕಯಮ್ಮನ ಮೊಮ್ಮಗಳು ಧನಲಕ್ಷ್ಮಿಗೆ ಅದೇ ಹದಿನಾಲ್ಕು. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರಿಗೂ ಧನು. ಕಗ್ಗದಾಸಪುರದಲ್ಲಿ ಅವರ ಮೂರಂತಸ್ತಿನ ಮನೆ ನಿಂತಿರುವ ಜಾಗದಲ್ಲಿ ಅಕ್ಕಯಮ್ಮ ಸೊಸೆಯಾಗಿ ಬಂದಾಗ ರಾಗಿ ಹೊಲವಿತ್ತು. ಹೊಲ ಹೋಯಿತು, ಬಾಡಿಗೆ ಮನೆಗಳು ಬಂದವು, ಆದರೆ ಕೆಲವು ಮಾತು ಮಾತ್ರ ಹೊಲದ ಕಾಲದ್ದೇ ಉಳಿದುಕೊಂಡವು. ಧನು ಎಡಚಿ. ತಟ್ಟೆಗೆ ಎಡಗೈ ಹಾಕಿದರೆ ಅತ್ತೆಯಂದಿರು ಕೈಮೇಲೆ ಹೊಡೆಯುತ್ತಿದ್ದರು. ಆರತಿ ತಟ್ಟೆ ಎಡಗೈಯಲ್ಲಿ ಹಿಡಿದರೆ ಅವಳ ಅಪ್ಪ ಪ್ರೇಮ್‌ಕುಮಾರ್ ಒಂದೇ ಮಾತು ಅನ್ನುತ್ತಿದ್ದ: “ಕೈ.” ಅಷ್ಟಕ್ಕೇ ಹುಡುಗಿ ಬೆಚ್ಚಿ ಕೈ ಬದಲಿಸುತ್ತಿದ್ದಳು.

ಹತ್ತನೇ ವಯಸ್ಸಿನಲ್ಲಿ ಶಾಲೆಯಲ್ಲಿ ಹಾಕಿ ಶುರುವಾಯಿತು. ಕೋಲಿನ ಹಿಡಿ ಸವೆದಾಗ ಅದಕ್ಕೆ ಹೊಸ ಪಟ್ಟಿ ಸುತ್ತಿಸಲು ಅಜ್ಜಿ ಮೊಮ್ಮಗಳು ಶಿವಾಜಿನಗರಕ್ಕೆ ಹೋದರು. ಅಲ್ಲಿ ಒಂದು ಸಣ್ಣ ಅಂಗಡಿ. ಕೋಲು ರಿಪೇರಿ ಮಾಡುವವರು ಅಹ್ಮದ್ ಪಾಷಾ. ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಅಕ್ಕಯಮ್ಮ ನಿಂತುಬಿಟ್ಟಳು. ಅದೇ ವಾಸನೆ.

“ಈಗೆಲ್ಲ ಫೈಬರ್ ಕೋಲು ಅಕ್ಕಾ, ಎಣ್ಣೆ ಬೇಕಿಲ್ಲ,” ಎಂದರು ಪಾಷಾ, ಅವಳ ಮುಖ ನೋಡಿ. “ನನ್ನ ಹತ್ರ ನಾಲ್ಕು ಮರದ ಕೋಲಿದೆ, ಅದಕ್ಕೋಸ್ಕರ ಡಬ್ಬ ಇಟ್ಕೊಂಡಿದೀನಿ.” ಆಮೇಲೆ ಧನು ಕೋಲು ಹಿಡಿದದ್ದನ್ನು ನೋಡಿ, “ಎಡಚಿನಾ ಬೇಟಿ?” ಎಂದು ಕೇಳಿದರು.

ಧನು ತಲೆ ತಗ್ಗಿಸಿದಳು.

“ಯಾಕೆ ತಲೆ ಬಗ್ಗಿಸ್ತೀಯಾ? ಹಾಕೀಲಿ ಮೇಲಿನ ಕೈ ಎಡಗೈ. ಕೋಲು ತಿರುಗಿಸೋದೆಲ್ಲ ಅದೇ. ಎಡಗೈ ಮಾಲೀಕ, ಬಲಗೈ ಬರೀ ನೌಕರ. ಬಾಕಿಯವರು ವರ್ಷಗಟ್ಟಲೆ ಕಲೀಬೇಕಾದ್ದನ್ನ ನೀನು ಹುಟ್ಟುವಾಗ್ಲೇ ತಂದಿದೀಯಾ.”

ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಿಕೊಂಡದ್ದನ್ನು ಅಕ್ಕಯಮ್ಮ ಕಂಡೂ ಕಾಣದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಈ ವರ್ಷ ಪ್ರೇಮ್‌ಕುಮಾರ್ ಮಗಳ ಹಾಕಿಯನ್ನು ತನ್ನ ಕೈಗೆ ತೆಗೆದುಕೊಂಡ. ಕೆ.ಆರ್. ಪುರಂ ದಾಟಿ ಹೊಸದೊಂದು ಅಕಾಡೆಮಿ ಆಗಿತ್ತು. ನೀಲಿ ಟರ್ಫ್, ರಾತ್ರಿಗೆ ದೀಪ, ವಿದೇಶದಲ್ಲಿ ಕಲಿತು ಬಂದ ಕೋಚು. ಆಯ್ಕೆ ಪರೀಕ್ಷೆಗೆ ಕರೆದುಕೊಂಡು ಹೋದ. ಧನು ಆಯ್ಕೆಯೂ ಆದಳು. ಅವನು ಅವತ್ತೇ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಮಗಳ ಫೋಟೋ ಹಾಕಿದ. ಮಾರನೆಯ ದಿನ ಕಗ್ಗದಾಸಪುರದ ಅರ್ಧ ಜನ ಫೋನು ಮಾಡಿದರು.

ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಅವನು ಅಕಾಡೆಮಿಯ ಫಾರ್ಮು ಮೇಜಿನ ಮೇಲಿಟ್ಟ. ಅವನ ಹೆಂಡತಿ ಸುಕನ್ಯ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಬಿಡುವವಳಲ್ಲ.

“ಏನ್ರೀ, ಇಲ್ಲಿ ನೋಡಿ. ಎರಡು ವರ್ಷದ ಬಾಂಡ್ ಇದು. ಅಷ್ಟರಲ್ಲಿ ಬೇರೆ ಯಾವ ಕ್ಲಬ್ಬಿಗೂ ಆಡೋ ಹಾಗಿಲ್ಲ. ಅವರು ಕಳಿಸದೆ ಯಾವ ಸೆಲೆಕ್ಷನ್‌ಗೂ ಹೋಗೋ ಹಾಗಿಲ್ಲ.”

“ದೊಡ್ಡ ಕಡೆ ಅಂದ್ಮೇಲೆ ಹಾಗೇ ಇರುತ್ತೆ. ಶನಿವಾರದೊಳಗೆ ಸೈನ್ ಮಾಡಿ ಕೊಡ್ಬೇಕು.”

ಧನು ದೋಸೆಯಿಂದ ಕಣ್ಣೆತ್ತಲಿಲ್ಲ. “ಅಪ್ಪ, ಮ್ಯಾಚ್ ಆಡಿಸ್ತಾರಾ ಅಂತ ನಾನು ಕೇಳ್ದೆ. ‘ಸ್ಕ್ವಾಡ್‌ನಲ್ಲಿ ಇರ್ತೀಯಾ’ ಅಂದ್ರು ಅಷ್ಟೇ. ಹದಿನಾರರ ಒಳಗಿನ ಸ್ಟೇಟ್ ಟೀಮಿಗೆ ನನಗಿರೋದೇ ಈ ಎರಡು ವರ್ಷ.”

ಅಕ್ಕಯಮ್ಮ ಕಾಫಿ ಲೋಟ ಕೆಳಗಿಟ್ಟಳು. “ಮನೆ ನೋಡ್ಕೊಂಡು ಬಂದ್ಯೇನೋ ಪ್ರೇಮ?”

“ಯಾವ ಮನೆ?”

“ಅದೇ, ನಿನ್ನ ಅಕಾಡೆಮಿ. ಹೋಗಿ ಮುಂದ್ಗಡೆ ಸೋಫಾ ಮೇಲೆ ಕೂತು ಕಾಫಿ ಕುಡ್ದು ಬಂದಿದೀಯಾ. ಹಿತ್ತಲು ನೋಡಿದ್ಯಾ?”

ಅವರ ಕಡೆಯಲ್ಲಿ ಹೆಣ್ಣು ಕೊಡುವ ಮುಂಚೆ ಹೆಂಗಸರು ಗಂಡಿನ ಮನೆ ನೋಡಲು ಹೋಗುತ್ತಿದ್ದರು. ಹೇಳದೆ ಕೇಳದೆ ಹೋಗಬೇಕು, ನಡುಮನೆಯಲ್ಲಿ ಕೂರಬಾರದು, ಕಾಲು ತೊಳೆಯುವ ನೆಪದಲ್ಲಿ ನೇರ ಹಿತ್ತಲಿಗೆ ನಡೆಯಬೇಕು. ಅಕ್ಕಯಮ್ಮನಿಗೆ ಮೊದಲು ಬಂದಿದ್ದ ಸಂಬಂಧ ಭಾರಿ ಕುಳದ್ದು. ಅವಳ ತಾಯಿ ಹಿತ್ತಲಿಗೆ ಹೋಗಿ, ಅಲ್ಲಿ ಕಟ್ಟಿದ್ದ ಎತ್ತಿನ ಹೆಗಲಿನ ಮೇಲೆ ಮಾಯದ ಹುಣ್ಣು ನೋಡಿ, ಕೊಟ್ಟ ತಾಂಬೂಲ ಮುಟ್ಟದೆ ಎದ್ದು ಬಂದಿದ್ದಳು. “ಬಾಯಿಲ್ಲದ್ದನ್ನ ಹೀಗಿಟ್ಟವ್ರೆ, ನನ್ನ ಮಗಳನ್ನ ಹೆಂಗಿಟ್ಟಾರು?” ಎಂದಿದ್ದಳು ಅಷ್ಟೇ.

ಪ್ರೇಮ್‌ಕುಮಾರ್ ನಕ್ಕ. “ಅಮ್ಮಾ, ಇದೇನು ಮದುವೇನಾ?”

“ಮದುವೆ ಆದ್ರೆ ತವರಿಗೆ ವಾಪಸ್ ಬರ್ಬೋದು ಕಣೋ. ಈ ಬಾಂಡಿಗೆ ಸೈನ್ ಹಾಕಿದ್ರೆ ಅವಳು ಎಲ್ಲಿಗೆ ವಾಪಸ್ ಬರ್ತಾಳೆ?”

ಅವನು ಫೋನು ಎತ್ತಿಕೊಂಡ.

ಮಂಗಳವಾರ ಮಧ್ಯಾಹ್ನ ಅಕ್ಕಯಮ್ಮ ಇಪ್ಪತ್ತು ಹುರಿದ ಕಡಲೆಬೀಜ ಎಣಿಸಿ ಎಲೆಅಡಿಕೆ ಸಂಚಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಕೆ.ಆರ್. ಪುರಂಗೆ ಹೋದಳು, ಅಲ್ಲಿಂದ ಆಟೋ. ಅಕಾಡೆಮಿಯ ಮುಂಬಾಗಿಲು ಗಾಜಿನದು, ಒಳಗೆ ಏಸಿ ತಂಪು, ಗೋಡೆ ತುಂಬ ಟ್ರೋಫಿ ಹಿಡಿದ ಮಕ್ಕಳ ಫೋಟೋ. “ಕೂತ್ಕೊಳ್ಳಿ ಮೇಡಂ” ಎಂದ ಹುಡುಗಿಗೆ, “ಕಾಲು ತೊಳ್ಕೊಂಡು ಬರ್ತೀನಮ್ಮ” ಎಂದು ಹೇಳಿ ಪಕ್ಕದ ಓಣಿ ಹಿಡಿದು ಹಿಂದಕ್ಕೆ ನಡೆದೇಬಿಟ್ಟಳು.

ಟರ್ಫ್ ಚೆನ್ನಾಗಿತ್ತು. ಅದನ್ನು ಇಲ್ಲವೆನ್ನಲಾಗದು. ನೀಲಿ ಕೆರೆಯ ಹಾಗೆ ಹೊಳೆಯುತ್ತಿತ್ತು, ಆಡುವ ಮಕ್ಕಳು ಮೀನಿನ ಹಾಗೆ ಜಾರುತ್ತಿದ್ದರು. ಆಡುತ್ತಿದ್ದವರು ಇಪ್ಪತ್ತೆರಡು ಜನ. ಗೆರೆಯಾಚೆ ಉದ್ದ ಬೆಂಚಿನ ಮೇಲೆ ಹತ್ತೊಂಬತ್ತು ಜನ. ಎಲ್ಲರ ಸಮವಸ್ತ್ರವೂ ಗರಿಗರಿ, ಒಂದು ತೊಟ್ಟು ಬೆವರಿಲ್ಲ.

ಬೆಂಚಿನ ತುದಿಯಲ್ಲಿದ್ದ ಹುಡುಗಿ ಅಜ್ಜಿಯನ್ನು ನೋಡಿ ಸರಿದು ಜಾಗ ಕೊಟ್ಟಳು. ತನ್ನ ಟೋಪಿ ತೆಗೆದು, “ಬಿಸಿಲು, ಹಾಕ್ಕೊಳ್ಳಿ ಅಜ್ಜಿ” ಎಂದಳು. ಹೆಸರು ಸ್ಟೆಲ್ಲಾ, ಊರು ಹೊರಮಾವು, ಬಂದು ಎಂಟು ತಿಂಗಳು.

ಅಕ್ಕಯಮ್ಮ ಮನಸ್ಸಿನಲ್ಲಿ ಒಂದು ನಿಯಮ ಹಾಕಿಕೊಂಡಳು. ಈ ಹುಡುಗಿಯ ಕೋಲು ಚೆಂಡಿಗೆ ಒಂದು ಸಲ ತಾಗಿದರೆ ತಾನು ಒಂದು ಬೀಜ ತಿನ್ನಬೇಕು. ಸಂಚಿ ಮಡಿಲಲ್ಲಿಟ್ಟುಕೊಂಡು ಕೂತಳು. ಒಂದು ಗಂಟೆ ಕಳೆಯಿತು. ಎರಡು ಸಲ ಚೆಂಡು ಹೊರಗೆ ಉರುಳಿ ಬಂತು. ಎರಡು ಸಲವೂ ಸ್ಟೆಲ್ಲಾ ಓಡಿಹೋಗಿ ಎತ್ತಿಕೊಂಡು ಒಳಗೆ ಎಸೆದಳು. ಕೈಯಲ್ಲಿ.

ಎರಡನೆಯ ಸಲ ಅಕ್ಕಯಮ್ಮನಿಗೆ ಬಾಯಲ್ಲಿ ನಿಂಬೆಹುಳಿ ಬಂದಂತಾಯಿತು.

“ನಿನ್ನ ಆಟ ಯಾವಾಗಮ್ಮಾ?”

“ಶುಕ್ರವಾರ ಅಜ್ಜಿ.” ಸ್ಟೆಲ್ಲಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಶುಕ್ರವಾರ ಅಪ್ಪಅಮ್ಮಂದಿರು ಬರ್ತಾರಲ್ಲ, ಅವತ್ತು ಎಲ್ಲಾರನ್ನೂ ಹತ್ತತ್ತು ನಿಮಿಷ ಇಳಿಸ್ತಾರೆ. ಬಾಕಿ ದಿನ ನಾನು ಪ್ರಾಕ್ಟೀಸ್‌ಗೆ ಕೋನ್ ಜೋಡಿಸ್ತೀನಿ. ನಿಮ್ಮ ಮೊಮ್ಮಗಳು ಬರ್ತಾಳಾ? ಕೇಳ್ಕೊಂಡು ಸೇರ್ಸಿ ಅಜ್ಜಿ. ನಾನು ಹೇಳ್ದೆ ಅನ್ಬೇಡಿ.”

ಅಷ್ಟರಲ್ಲಿ ಅಕಾಡೆಮಿಯ ಮ್ಯಾನೇಜರ್ ಮುರಳಿ ನಗುತ್ತ ಬಂದ. “ಅಮ್ಮಾ, ಇಲ್ಲಿ ಯಾಕೆ ಬಂದ್ರಿ? ಪೇರೆಂಟ್ಸ್ ಡೇ ಶುಕ್ರವಾರ.”

“ನಾನು ಪೇರೆಂಟಲ್ಲಪ್ಪ, ಅಜ್ಜಿ. ನಂದು ಮಂಗಳವಾರ. ಈ ಹತ್ತೊಂಬತ್ತು ಮಕ್ಕಳು ಯಾಕೆ ಕೂತವ್ರೆ?”

“ಅದು ಡೆವಲಪ್‌ಮೆಂಟ್ ಸ್ಕ್ವಾಡ್ ಅಮ್ಮ. ನೋಡೋದೂ ಒಂದು ಲರ್ನಿಂಗೇ.”

“ಹೌದಾ? ನಾನೂ ಐದು ವರ್ಷ ಕೂತು ನೋಡಿದೀನಿ. ನಿಂಬೆಹಣ್ಣು ಹೆಚ್ಚೋದು ಚೆನ್ನಾಗಿ ಬಂತು.”

ಮುರಳಿಯ ನಗು ಅರ್ಧಕ್ಕೆ ನಿಂತಿತು. ಅಕ್ಕಯಮ್ಮ ಟೋಪಿಯನ್ನು ಸ್ಟೆಲ್ಲಾಳ ತಲೆಗೆ ವಾಪಸು ಹಾಕಿ, ಮುಂಗುರುಳು ಸರಿ ಮಾಡಿ, ಎದ್ದಳು. ಇಪ್ಪತ್ತು ಬೀಜವೂ ಸಂಚಿಯಲ್ಲೇ ಇತ್ತು.

ಗುರುವಾರ ಬೆಳಗ್ಗೆ ಮತ್ತೆ ಇಪ್ಪತ್ತು ಬೀಜ ಬೇರೆಯಾಗಿ ಕಟ್ಟಿಕೊಂಡು ಕಾಕ್ಸ್ ಟೌನಿಗೆ ಹೊರಟಳು. ಪಾಷಾ ಅಲ್ಲಿ ಚರ್ಚಿನ ಹಿಂದಿನ ಶಾಲಾ ಮೈದಾನದಲ್ಲಿ ಬೆಳಗ್ಗೆ ಮಕ್ಕಳಿಗೆ ಹಾಕಿ ಕಲಿಸುತ್ತಾರೆ, ಆಮೇಲೆ ಅಂಗಡಿ ತೆರೆಯುತ್ತಾರೆ. ಧನುವನ್ನು ಕಳಿಸಿ ಎಂದು ನಾಲ್ಕಾರು ಸಲ ಕೇಳಿದ್ದರು. ಈ ಮನೆಯನ್ನೂ ಹೇಳದೆ ಕೇಳದೆಯೇ ನೋಡಬೇಕಲ್ಲ!

ಇಲ್ಲಿ ನೋಡಲು ನಡುಮನೆಯೇ ಇರಲಿಲ್ಲ, ಎಲ್ಲ ಹಿತ್ತಲೇ. ಕೆಂಪು ಮಣ್ಣು, ನಡುನಡುವೆ ಜಲ್ಲಿ. ಮೂವತ್ತು ಮಕ್ಕಳು. ಗೋಡೆಯ ಮೊಳೆಗೆ ನೇತುಹಾಕಿದ ಹಳೆಯ ಅಲಾರಂ ಗಡಿಯಾರ ಏಳು ನಿಮಿಷಕ್ಕೊಮ್ಮೆ ಬಡಿದುಕೊಳ್ಳುತ್ತಿತ್ತು. ಬಡಿದಾಗ ಹೊರಗಿದ್ದವರು ಒಳಗೆ, ಒಳಗಿದ್ದ ಅಷ್ಟೇ ಜನ ಹೊರಗೆ. ಹೊರಗೆ ಬಂದವರೂ ಸುಮ್ಮನಿರುವಂತಿಲ್ಲ. ಗೋಡೆಗೆ ಚೆಂಡು ಹೊಡೆಯುತ್ತಲೇ ಇರಬೇಕು.

ಅಕ್ಕಯಮ್ಮ ಅತ್ತಿತ್ತ ನೋಡಿದಳು. “ಕೂರೋಕೆ ಒಂದು ಬೆಂಚೂ ಇಲ್ವಾ ಪಾಷಾಭಾಯ್?”

“ಇತ್ತು ಅಕ್ಕಾ. ಕೊಯ್ಸಿ ಗೋಲಿನ ಹಿಂದೆ ಹಲಗೆ ಹೊಡೆಸ್ಬಿಟ್ವಿ.” ಅವರು ಬೊಟ್ಟು ಮಾಡಿ ತೋರಿಸಿದರು. ಗೋಲಿನ ಹಲಗೆಯ ಮೇಲೆ ಯಾವುದೋ ಕಾಲದ ಮಕ್ಕಳು ಬೆಂಚಿನಲ್ಲಿ ಕೂತು ಕೆತ್ತಿದ್ದ ಹೆಸರುಗಳು ಹಾಗೇ ಇದ್ದವು.

ಎಲ್ಲರಿಗಿಂತ ಸಣ್ಣಗಿದ್ದ, ಆಟದಲ್ಲೂ ಹಿಂದೆ ಬೀಳುತ್ತಿದ್ದ ಅಲಿಯಾ ಎಂಬ ಹುಡುಗಿಯನ್ನು ಗುರುತು ಮಾಡಿಕೊಂಡು ಅಕ್ಕಯಮ್ಮ ಬೀಜ ತಿನ್ನಲು ಶುರುಮಾಡಿದಳು. ಹದಿನೈದು ನಿಮಿಷಕ್ಕೆ ಇಪ್ಪತ್ತೂ ಮುಗಿದು ನೀರಡಿಕೆಯಾಯಿತು.

ಹಾಗಂತ ಅವಳು ಕಣ್ಣು ಮುಚ್ಚಿ ಒಪ್ಪಲಿಲ್ಲ. ನೀರಿನ ಡ್ರಮ್ಮಿನ ಮುಚ್ಚಳ ಎತ್ತಿ ನೋಡಿದಳು, ಶುಭ್ರವಾಗಿತ್ತು. ಮಂಡಿ ತರಚಿಕೊಂಡ ಹುಡುಗನಿಗೆ ಔಷಧಿ ಹಚ್ಚಿದ ಮೇಲೆಯೇ ಪಾಷಾ ಬೈದದ್ದನ್ನು ನೋಡಿದಳು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಬೀಗ ಇದ್ದದ್ದನ್ನೂ ನೋಡಿದಳು.

“ಇದರ ಕೀ ಯಾರ ಹತ್ರ?”

“ಶಾಲೆ ವಾಚ್‌ಮನ್ ಹತ್ರ. ಅವನು ಬರೋದು ಎಂಟು ಗಂಟೆಗೆ.” ಪಾಷಾರ ದನಿ ಸಣ್ಣದಾಯಿತು.

“ಆರು ಗಂಟೆಗೆ ಬರೋ ಹೆಣ್ಣುಮಕ್ಕಳು ಎಂಟರವರೆಗೆ ಏನು ಮಾಡ್ಬೇಕು? ಇದು ಸರಿಯಾಗೋವರೆಗೂ ನನ್ನ ಮೊಮ್ಮಗಳು ಬರಲ್ಲ. ಟರ್ಫ್ ಎಲ್ಲಿ?”

“ಭಾನುವಾರ ಬೆಳಗ್ಗೆ ಒಂದು ಗಂಟೆ ಬಾಡಿಗೆಗೆ ಸಿಗುತ್ತೆ. ಅಷ್ಟೇ ನನ್ನ ಶಕ್ತಿ. ಸುಳ್ಳು ಹೇಳಲ್ಲ ಅಕ್ಕಾ. ಆದ್ರೆ ಸ್ಟೇಟ್ ಸೆಲೆಕ್ಷನ್‌ಗೆ ನಮ್ಮ ಕ್ಲಬ್ಬಿಂದಾನೇ ಹೋಗ್ಬೋದು, ಯಾರನ್ನೂ ಕಟ್ಟಿಹಾಕಲ್ಲ.”

ಮಾರನೆಯ ದಿನ ಸಂಜೆ ಪಾಷಾರ ಹೆಂಡತಿ ಸಾಬಿರಾ ಫೋನು ಮಾಡಿದರು. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಎರಡನೇ ಕೀ ಮಾಡಿಸಿದ್ದಾರಂತೆ. ಅದು ಇನ್ನು ಹುಡುಗಿಯರ ಬಳಿಯೇ ಇರುತ್ತದಂತೆ. “ಇಷ್ಟು ವರ್ಷ ಈ ಮನುಷ್ಯನಿಗೆ ನಾನು ಹೇಳಿ ಹೇಳಿ ಸಾಕಾಗಿತ್ತು ಅಕ್ಕಾ, ನೀವು ಒಂದ್ಸಲ ಬಂದ್ರಿ, ಆಗೋಯ್ತು,” ಎಂದು ನಕ್ಕರು.

ಶನಿವಾರ ಬೆಳಗ್ಗೆ ಪ್ರೇಮ್‌ಕುಮಾರ್ ಇಸ್ತ್ರಿ ಅಂಗಿ ಹಾಕಿಕೊಂಡು ಫಾರ್ಮು ಹಿಡಿದು ಕೂತ. ಅಕ್ಕಯಮ್ಮ ಬಂದು ಸಂಚಿ ಬಿಚ್ಚಿ ಫಾರ್ಮಿನ ಮೇಲೆ ಬೀಜ ಸುರಿದಳು.

“ಏನಮ್ಮಾ ಇದು?”

“ಮಂಗಳವಾರದ್ದು. ಎಂಟು ತಿಂಗಳಿಂದ ಅಲ್ಲಿರೋ ಹುಡುಗಿ ಒಂದು ಗಂಟೇಲಿ ಎಷ್ಟು ಸಲ ಕೋಲಲ್ಲಿ ಚೆಂಡು ಮುಟ್ಟಿದ್ಲೋ ಅಷ್ಟು ಬೀಜ ತಿನ್ನೋಣ ಅಂತ ಹೋಗಿದ್ದೆ. ಎಣಿಸ್ಕೋ, ಇಪ್ಪತ್ತೂ ಅಲ್ಲೇ ಇದೆ. ಗುರುವಾರ ಪಾಷಾ ಅವರ ಹತ್ರ ಹೋಗಿದ್ದೆ. ಆ ಇಪ್ಪತ್ತು ತೋರ್ಸೋಕೆ ಆಗಲ್ಲ, ಹೊಟ್ಟೇಲಿದೆ.”

ಸುಕನ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ರೇಮ್‌ಕುಮಾರನಿಗೆ ನಗು ಬರಲಿಲ್ಲ.

“ಜಲ್ಲಿ ಮೇಲೆ ಆಡಿ ಮಂಡಿ ಒಡ್ಕೊಳ್ಳಲಿ ಅಂತೀಯಾ? ಎಲ್ರಿಗೂ ಹೇಳ್ಬಿಟ್ಟಿದೀನಿ ನಾನು. ಪಕ್ಕದ ಬೀದಿ ಅಂಬಣ್ಣ ನಿನ್ನೆ ಮನೆಗೇ ಬಂದು ಸ್ವೀಟ್ ಕೊಟ್ಟು ಹೋದ. ಈಗ ಯಾವ ಮುಖ ಇಟ್ಕೊಂಡು ಶಿವಾಜಿನಗರದ ರಿಪೇರಿ ಅಂಗಡಿಯವರ ಹತ್ರ ಸೇರಿಸ್ದೆ ಅನ್ಲಿ?”

“ನಿಮ್ಮ ತಾತನೂ ಕೋಲಿಗೆ ಎಣ್ಣೆ ಹಚ್ಚೋನೇ ಕಣೋ. ಅದೇ ಮುಖ ಇಟ್ಕೊಂಡು ಹೇಳು.”

“ನನ್ನ ಮಗಳು ಅಮ್ಮ. ತೀರ್ಮಾನ ನಂದು.”

“ಮಾಡಪ್ಪ. ಆದ್ರೆ ಕೂರೋಳು ನೀನಲ್ಲ. ಗೆರೆ ಆಚೆ ಕೂತು ಬೇರೆಯವರ ಚೆಂಡು ಎತ್ತಿಕೊಡೋದು ಹೇಗಿರುತ್ತೆ ಅಂತ ಈ ಮನೇಲಿ ಗೊತ್ತಿರೋದು ನನಗೊಬ್ಬಳಿಗೆ. ನನ್ನನ್ನ ಯಾರೂ ಕೇಳ್ಳಿಲ್ಲ. ಇವಳನ್ನಾದ್ರೂ ಕೇಳು.”

ಅವನು ಕೇಳಲಿಲ್ಲ. ಬೀಜ ಪಕ್ಕಕ್ಕೆ ಸರಿಸಿ, ತನ್ನ ಸಹಿ ಹಾಕಿ, ಫಾರ್ಮನ್ನು ಧನುವಿನ ಕಡೆ ತಳ್ಳಿದ. ಅವಳ ಸಹಿಗೂ ಒಂದು ಜಾಗವಿತ್ತು. ಹುಡುಗಿ ಪೆನ್ನು ಎತ್ತಿಕೊಂಡಳು, ಎಡಗೈಯಲ್ಲಿ.

“ಕೈ,” ಎಂದ ಪ್ರೇಮ್‌ಕುಮಾರ್.

ಈ ಸಲ ಅವಳು ಬೆಚ್ಚಲಿಲ್ಲ. ಪೆನ್ನಿಗೆ ಮೆಲ್ಲನೆ ಮುಚ್ಚಳ ಹಾಕಿ, ಕಡಲೆಬೀಜದ ಪಕ್ಕದಲ್ಲಿಟ್ಟಳು.

“ನಾನು ಸೈನ್ ಹಾಕಲ್ಲ ಅಪ್ಪ. ಯಾವ ಕೈಲೂ ಹಾಕಲ್ಲ.”

ಪ್ರೇಮ್‌ಕುಮಾರ್ ಮಗಳನ್ನೇ ನೋಡಿದ. ಆಮೇಲೆ ಎದ್ದು ಹೊರಟುಹೋದ. ಫಾರ್ಮು ಫ್ಯಾನಿನ ಗಾಳಿಗೆ ಹಾರಿ ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ.

ಸೋಮವಾರ ಅಜ್ಜಿ ಮೊಮ್ಮಗಳು ಮೊದಲ ಬಸ್ಸು ಹತ್ತಿದರು. ಮಂಗಳವಾರ, ಬುಧವಾರವೂ. ಮನೆಯಲ್ಲಿ ಪ್ರೇಮ್‌ಕುಮಾರ್ ಮಾತು ಬಿಟ್ಟಿದ್ದ; ಉಪ್ಪು ಬೇಕಾದರೂ ಸುಕನ್ಯಳ ಕಡೆ ನೋಡುತ್ತಿದ್ದ. ಹೊರಡುವ ಗಡಿಬಿಡಿಯಲ್ಲಿ ಹುಡುಗಿ ಬರೀ ಹಾಲು ಕುಡಿದು ಓಡುತ್ತಿದ್ದಳು. ಬಸ್ಸಿನ ಕಂಡಕ್ಟರಮ್ಮ ಮೂರನೇ ದಿನಕ್ಕೇ ಇವರ ಗುರುತು ಹಿಡಿದು, ಕೋಲಿನ ಚೀಲಕ್ಕೆ ತನ್ನ ಸೀಟಿನ ಹಿಂದೆ ಜಾಗ ಮಾಡಿಕೊಡುತ್ತಿದ್ದಳು.

ಶುಕ್ರವಾರ ಅಕ್ಕಯಮ್ಮ ಗೋಡೆಯ ನೆರಳಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಗ ಗೇಟಿನ ಬಳಿ ಮಗನ ಸ್ಕೂಟರು ಕಂಡಿತು. ಅವನು ಒಳಗೆ ಬಂದು ದೂರದಲ್ಲೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿದ.

“ಇಲ್ಲಿ ಕೂರೋಕೆ ಏನೂ ಇಲ್ಲ ಸರ್,” ಎಂದರು ಪಾಷಾ, ಮೈದಾನದಿಂದ ಕಣ್ಣು ಕೀಳದೆ. “ಬೇಕಾದ್ರೆ ಆ ಗೋಲಿನ ಹಿಂದೆ ನಿಂತು ಚೆಂಡು ಕೊಡಿ.”

ಕಗ್ಗದಾಸಪುರದ ಪ್ರೇಮ್‌ಕುಮಾರನಿಗೆ ಯಾರೂ ಹಾಗೆ ಕೆಲಸ ಹೇಳಿದ್ದಿಲ್ಲ. ಅವನು ಕೈಯಲ್ಲಿದ್ದ ಬಟ್ಟೆ ಚೀಲವನ್ನು ಗೋಡೆಯ ಬುಡದಲ್ಲಿಟ್ಟು, ಹೋಗಿ ನಿಂತ. ಗಡಿಯಾರ ಬಡಿಯಿತು. ಧನು ಒಳಗೆ ಓಡಿದಳು. ಅವಳ ಎಡಗೈ ಕೋಲನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಂತೆ ಇಬ್ಬರು ಹುಡುಗರು ದಿಕ್ಕುತಪ್ಪಿ ನಿಂತರು. ಚೆಂಡು ಹಲಗೆಗೆ ಬಡಿದ ಸದ್ದಿಗೆ ಪ್ರೇಮ್‌ಕುಮಾರ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಆಮೇಲೆ ಬಗ್ಗಿ ಚೆಂಡು ಎತ್ತಿ ಒಳಗೆ ಎಸೆದ. ಎರಡು ಸಲವಲ್ಲ, ಹತ್ತಾರು ಸಲ. ಅವನ ಇಸ್ತ್ರಿ ಪ್ಯಾಂಟಿನ ಅಂಚು ಕೆಂಪಾಗುವುದನ್ನು ಅಕ್ಕಯಮ್ಮ ನೋಡುತ್ತಿದ್ದಳು.

ಎಂಟು ಗಂಟೆಗೆ ಆಟ ಮುಗಿಯಿತು. ಧನು ಅಪ್ಪನನ್ನು ನೋಡಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು. ಅವನು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದ. ಒಳಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ವಾಸನೆಯೇ ಹೇಳುತ್ತಿತ್ತು. ಧನು ಅಭ್ಯಾಸದಂತೆ ಎಡಗೈ ಚಾಚಿದಳು, ತಟ್ಟನೆ ಹಿಂದಕ್ಕೆಳೆದುಕೊಂಡು ಬಲಗೈ ಮುಂದೆ ಮಾಡಿದಳು. ಬಲ ಅಂಗೈ ಜಲ್ಲಿಗೆ ತರಚಿ ಮಣ್ಣು ಮೆತ್ತಿಕೊಂಡಿತ್ತು.

ಪ್ರೇಮ್‌ಕುಮಾರ್ ಆ ಕೈಯನ್ನು ನೋಡಿದ. ಇನ್ನೊಂದು ಕೈಯನ್ನು ತಾನೇ ಹಿಡಿದು ಮುಂದಕ್ಕೆ ತಂದು, ಡಬ್ಬಿಯನ್ನು ಅದರ ಮೇಲಿಟ್ಟ.